ಕಿಲ್ಲಾರಿಯ ನೆಲದಲ್ಲಿ ಬೆಂಥಮ್‌ನ ಲೆಕ್ಕ

ಮರಾಠವಾಡದ ಗಡಿಯೂರು ಉಮರ್ಗಾದ ಬಸ್ ನಿಲ್ದಾಣದಲ್ಲಿ ಬಸವಕಲ್ಯಾಣ, ಕಲಬುರಗಿ ಕಡೆಯ ಕನ್ನಡ ಬೋರ್ಡಿನ ಬಸ್ಸುಗಳ ಪಕ್ಕದಲ್ಲೇ ಮಹಾರಾಷ್ಟ್ರದ ಕೆಂಪು ಎಸ್.ಟಿ. ಬಸ್ಸುಗಳು ನಿಲ್ಲುತ್ತವೆ. ಆ ಎಸ್.ಟಿ. ಸಂಸ್ಥೆಯ ಧ್ಯೇಯವಾಕ್ಯ ‘ಬಹುಜನ ಹಿತಾಯ, ಬಹುಜನ ಸುಖಾಯ’. ಆಕಾಶವಾಣಿಯದೂ ಅದೇ. ಬುದ್ಧ ತನ್ನ ಮೊದಲ ಭಿಕ್ಷುಗಳನ್ನು ಊರೂರಿಗೆ ಕಳಿಸುವಾಗ ಆಡಿದ್ದೆಂದು ಪಾಳಿ ಗ್ರಂಥಗಳು ಹೇಳುವ ಮಾತದು. ಅದಕ್ಕೂ ಹದಿನೆಂಟನೇ ಶತಮಾನದ ಲಂಡನ್ನಿನಲ್ಲಿ ಕಾನೂನು ಓದಿದ ಜೆರೆಮಿ ಬೆಂಥಮ್ ಕಟ್ಟಿದ ನೀತಿಶಾಸ್ತ್ರಕ್ಕೂ ನೇರ ನೆಂಟಸ್ತನವಿಲ್ಲ. ಆದರೂ ಒಂದು ಕೆಲಸ ಸರಿಯೋ ತಪ್ಪೋ ಎಂದು ತಿಳಿಯಬೇಕಾದರೆ ಅದರಿಂದ ಎಷ್ಟು ಜನರಿಗೆ ಎಷ್ಟು ಒಳಿತಾಯಿತು ಎಂದು ನೋಡಿ ಎನ್ನುವವರಿಗೆ ಎರಡೂ ಒಂದೇ ಸಾಲಿನವಾಗಿ ಕಾಣುತ್ತವೆ. ಈ ಎರಡನೆಯದನ್ನು ಕನ್ನಡದಲ್ಲಿ ಉಪಯುಕ್ತತಾವಾದ ಎನ್ನುತ್ತೇವೆ.

ಕೇಳಲು ಬಲು ಸರಳ. ಒಬ್ಬ ಬದುಕುವುದಕ್ಕಿಂತ ಹತ್ತು ಜನ ಬದುಕುವುದು ಮೇಲು ಎಂದರೆ ಯಾರು ತಕರಾರು ತೆಗೆದಾರು? ತಕರಾರು ಶುರುವಾಗುವುದು ನಿಜವಾದ ಊರೊಂದನ್ನು ಮುಂದಿಟ್ಟುಕೊಂಡು ಕೂಡಿ ಕಳೆಯಲು ಕುಳಿತಾಗ. ಉಮರ್ಗಾ, ನಿಲಂಗಾ, ಔಸಾ ತಾಲ್ಲೂಕುಗಳ ಕರಿಮಣ್ಣಿನ ಸೀಮೆಯಲ್ಲಿ ಮೂವತ್ತು ವರ್ಷಗಳ ಹಿಂದೆ ಅಂಥ ಲೆಕ್ಕವೊಂದು ನಡೆಯಿತು. ಹಾಕಿದವರು ಕಲೆಕ್ಟರು, ಇಂಜಿನಿಯರು, ತಲಾಠಿ ಮತ್ತು ವಿಶ್ವಬ್ಯಾಂಕಿನ ಅಧಿಕಾರಿಗಳು. ಅವರಲ್ಲಿ ಎಷ್ಟು ಜನ ಬೆಂಥಮ್‌ನನ್ನು ಓದಿದ್ದರೋ, ಹಾಕಲು ಕುಳಿತದ್ದು ಮಾತ್ರ ಅವನ ಲೆಕ್ಕವನ್ನೇ.

1993ರ ಸೆಪ್ಟೆಂಬರ್ 30, ನಸುಕಿನ 3 ಗಂಟೆ 56 ನಿಮಿಷ. ಹಿಂದಿನ ರಾತ್ರಿ ಗಣಪತಿ ಬಿಟ್ಟು ಬಂದ ಜನ ಗಾಢ ನಿದ್ದೆಯಲ್ಲಿದ್ದರು. ತೇರ್ಣಾ ನದಿಯ ದಂಡೆಯ ಕಿಲ್ಲಾರಿ, ಆಗ ಉಮರ್ಗಾ ತಾಲ್ಲೂಕಿನಲ್ಲಿದ್ದ ಸಾಸ್ತೂರು ಮತ್ತು ಸುತ್ತಲಿನ ಹಳ್ಳಿಗಳು ಆರಕ್ಕಿಂತ ತುಸು ಹೆಚ್ಚಿನ ತೀವ್ರತೆಯ ಕಂಪನಕ್ಕೆ ಕುಸಿದವು. ಸತ್ತವರ ಲೆಕ್ಕ ಎಂಟು ಸಾವಿರದಿಂದ ಹತ್ತು ಸಾವಿರದ ಸಮೀಪದವರೆಗೆ ಬೇರೆ ಬೇರೆಯಾಗಿ ಸಿಗುತ್ತದೆ. ಅಷ್ಟು ತೀವ್ರತೆಗೆ ಅಷ್ಟು ಸಾವು ಏಕೆ ಎಂಬುದಕ್ಕೆ ಉತ್ತರ ಗೋಡೆಯೊಳಗಿತ್ತು. ಈ ಸೀಮೆಯ ಸ್ಥಿತಿವಂತರ ಮನೆಯೆಂದರೆ ಮಣ್ಣಿನ ಮಾಳಿಗೆ. ಒಡೆದ ಕಲ್ಲಿನ ಒಂದು ಪದರ ಹೊರಗೆ, ಒಂದು ಪದರ ಒಳಗೆ, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡು ಪದರಗಳನ್ನು ಬಿಗಿದಿಡಲು ಗೋಡೆಯ ಆರುಪಾರು ಹಾಯುವ ಉದ್ದಗಲ್ಲು ಇರುತ್ತಿರಲಿಲ್ಲ. ಮೇಲೆ ತೊಲೆ, ಜಂತಿ, ಹಲಗೆ. ಅದರ ಮೇಲೆ ಮೊಳದಷ್ಟು ದಪ್ಪ ಮಣ್ಣು. ಮಳೆಗಾಲಕ್ಕೆ ಮುಂಚೆ ಸೋರುವಲ್ಲಿ ಮತ್ತಷ್ಟು ಮಣ್ಣು ಏರಿಸುವುದು ರೂಢಿ. ಬೇಸಿಗೆಯಲ್ಲಿ ಒಳಗೆ ತಣ್ಣಗಿರುತ್ತಿದ್ದ ಆ ಮನೆಗಳೇ ಅಂದು ಹೂತುಹಾಕಿದವು. ಊರಂಚಿನ ಗುಡಿಸಲು, ತಗಡಿನ ಶೆಡ್ಡುಗಳಲ್ಲಿ ಮಲಗಿದ್ದವರಲ್ಲಿ ಹೆಚ್ಚು ಜನ ಎದ್ದು ಹೊರಬಂದರು. ಭೂಕಂಪ ಬಡವ ಬಲ್ಲಿದ ಎಂದು ನೋಡುವುದಿಲ್ಲ ಎನ್ನುವುದು ವಾಡಿಕೆಯ ಮಾತು. ಇಲ್ಲಿ ನೋಡಿತ್ತು, ಆದರೆ ತಿರುಗಾಮುರುಗಾ.

ಇಂಥ ಹೊತ್ತಿನಲ್ಲಿ ಮೊದಲು ಯಾವ ಮಣ್ಣಿನ ರಾಶಿಗೆ ಕೈ ಹಚ್ಚಬೇಕು? ನರಳುವ ದನಿ ಹೆಚ್ಚು ಕೇಳಿಬರುವ ಕಡೆಗೋ, ತನ್ನ ಮಗು ಮಲಗಿದ್ದ ಕೋಣೆಗೋ? ಲೆಕ್ಕದ ಉತ್ತರ ಒಂದು, ತಾಯಿಯ ಉತ್ತರ ಇನ್ನೊಂದು. ನಮ್ಮ ಕಾನೂನು ಇಂಥ ಇಕ್ಕಟ್ಟನ್ನು 1860ರಲ್ಲೇ ಊಹಿಸಿತ್ತು. ಭಾರತೀಯ ದಂಡ ಸಂಹಿತೆಯ 81ನೇ ಕಲಮಿನ ಉದಾಹರಣೆಯಲ್ಲಿ ಒಬ್ಬ ಹಡಗಿನ ಕಪ್ತಾನ ಬರುತ್ತಾನೆ. ನೇರ ಹೋದರೆ ಇಪ್ಪತ್ತು ಮೂವತ್ತು ಜನರಿರುವ ದೋಣಿಗೆ ಡಿಕ್ಕಿ. ದಿಕ್ಕು ತಿರುಗಿಸಿದರೆ ಇಬ್ಬರೇ ಇರುವ ದೋಣಿಗೆ ಅಪಾಯ. ಕೆಟ್ಟ ಉದ್ದೇಶವಿಲ್ಲದೆ, ಮೊದಲನೆಯದನ್ನು ಉಳಿಸಲೆಂದೇ ತಿರುಗಿಸಿದ್ದರೆ ಅವನು ಅಪರಾಧಿಯಲ್ಲ. ಊರಿಗೆ ಬೆಂಕಿ ಹಬ್ಬದಂತೆ ನಡುವಿನ ಮನೆ ಕೆಡವಿದವನಿಗೂ ಅಲ್ಲೇ ರಕ್ಷಣೆ ಇದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 19ನೇ ಕಲಮಾಗಿ ಉಳಿದಿದೆ. ಆ ದಂಡ ಸಂಹಿತೆಯ ಕರಡು ಮಾಡಿದ ಮೆಕಾಲೆಯ ಮೇಲೆ ಬೆಂಥಮ್‌ನ ನೆರಳು ದಟ್ಟವಾಗಿಯೇ ಇತ್ತು.

ಜೆರೆಮಿ ಬೆಂಥಮ್ ಹುಟ್ಟಿದ್ದು 1748ರಲ್ಲಿ. ವಕೀಲಿಕೆ ಓದಿದರೂ ಕೋರ್ಟಿನ ಮೆಟ್ಟಿಲು ಹತ್ತುವುದಕ್ಕಿಂತ ಇಡೀ ಕಾನೂನನ್ನೇ ಬಿಚ್ಚಿ ಮತ್ತೆ ಜೋಡಿಸುವ ಹುಚ್ಚು ಅವನಿಗೆ. ದೇವರ ಆಜ್ಞೆ, ಹಿರಿಯರ ರೂಢಿ, ರಾಜನ ಇಚ್ಛೆ ಇವ್ಯಾವುವೂ ಸರಿ ತಪ್ಪುಗಳ ಅಳತೆಗೋಲಲ್ಲ; ಸುಖ ಹೆಚ್ಚಿ ದುಃಖ ಕಡಿಮೆಯಾಗುವುದೇ ಅಳತೆ ಎಂದು 1789ರಲ್ಲಿ ಪ್ರಕಟವಾದ ತನ್ನ ಮುಖ್ಯ ಗ್ರಂಥದಲ್ಲಿ ವಾದಿಸಿದ. ಸುಖವನ್ನು ತೂಗಲು ಏಳು ಬಾಬ್ತುಗಳನ್ನೂ ಹೇಳಿದ: ಎಷ್ಟು ತೀವ್ರ, ಎಷ್ಟು ಕಾಲ, ಎಷ್ಟು ಖಚಿತ, ಎಷ್ಟು ಬೇಗ, ಅದರಿಂದ ಇನ್ನಷ್ಟು ಸುಖ ಹುಟ್ಟುತ್ತದೆಯೇ, ದುಃಖದ ಬೆರಕೆ ಎಷ್ಟು, ಎಷ್ಟು ಜನರಿಗೆ ಮುಟ್ಟುತ್ತದೆ. ಎಣಿಸುವಾಗ ರಾಜನೂ ಒಂದು, ಆಳೂ ಒಂದು. ಅಂದಿನ ಇಂಗ್ಲೆಂಡಿಗೆ ಇದು ಬೆಚ್ಚಿಬೀಳಿಸುವ ಮಾತು. ತಾನು ಸತ್ತ ಮೇಲೂ ಉಪಯೋಗಕ್ಕೆ ಬರಬೇಕೆಂದು ದೇಹವನ್ನು ಕೊಯ್ದು ಕಲಿಯಲು ಬರೆದುಕೊಟ್ಟ. ಬಟ್ಟೆ ತೊಡಿಸಿ ಕೂರಿಸಿದ ಅವನ ಅಸ್ಥಿಪಂಜರವನ್ನು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಇಂದಿಗೂ ನೋಡಬಹುದು.

ಈ ಏಳು ಬಾಬ್ತುಗಳನ್ನು ಹಿಡಿದು ಕಿಲ್ಲಾರಿಗೆ ಬಂದರೆ ಮೊದಲ ಪ್ರಶ್ನೆ: ಊರನ್ನು ಇದ್ದಲ್ಲೇ ಕಟ್ಟಬೇಕೋ, ಬೇರೆಡೆಗೆ ಎತ್ತಬೇಕೋ? ವಿಶ್ವಬ್ಯಾಂಕಿನ ಸಾಲ ತಂದ ಮಹಾರಾಷ್ಟ್ರ ಸರಕಾರ ಹಾನಿಯಾದ ಹಳ್ಳಿಗಳನ್ನು ವರ್ಗಗಳಾಗಿ ವಿಂಗಡಿಸಿತು. ಬಹುಪಾಲು ನೆಲಸಮವಾದ 52 ಹಳ್ಳಿಗಳನ್ನು ‘ಎ’ ವರ್ಗಕ್ಕೆ ಹಾಕಿ ಹೊಸ ಜಾಗದಲ್ಲಿ ಸುಮಾರು 27,000 ಮನೆ ಕಟ್ಟಿಸಲಾಯಿತು. ಬಿರುಕು ಬಿಟ್ಟ, ಅರೆಬರೆ ಕುಸಿದ ಮನೆಗಳ ದುರಸ್ತಿ ‘ಸಿ’ ವರ್ಗದ್ದು; ಅದು ಹದಿಮೂರು ಜಿಲ್ಲೆಗಳಿಗೆ ಹಬ್ಬಿತು, ಮನೆಗಳ ಸಂಖ್ಯೆ ಎರಡು ಲಕ್ಷದ ಹತ್ತಿರ. ಸಂಖ್ಯೆ ನೋಡಿ ಹಣ ಹಂಚಿದ್ದರೆ ‘ಸಿ’ ವರ್ಗಕ್ಕೆ ಸಿಂಹಪಾಲು ಸಿಗಬೇಕಿತ್ತು. ತೀವ್ರತೆ ನೋಡಿದರೆ ‘ಎ’ ವರ್ಗಕ್ಕೆ. ಒಂದೊಂದು ಮನೆಗೆ ಸಿಕ್ಕಿದ್ದನ್ನು ನೋಡಿದರೆ ತೀವ್ರತೆ ಗೆದ್ದಿತು, ಅದು ನ್ಯಾಯವೂ ಆಗಿತ್ತು.

ನ್ಯಾಯ ತಪ್ಪಿದ್ದು ಮುಂದಿನ ಹೆಜ್ಜೆಯಲ್ಲಿ. ಹೊಸ ಊರುಗಳಲ್ಲಿ ಮನೆಯ ಅಳತೆ ಹೊಲದ ಅಳತೆಯ ಮೇಲೆ ನಿಂತಿತು. ಭೂಮಿ ಇಲ್ಲದವರಿಗೆ ಮತ್ತು ಒಂದು ಹೆಕ್ಟೇರಿನವರೆಗೆ ಇದ್ದವರಿಗೆ 250 ಚದರ ಅಡಿ. ಒಂದರಿಂದ ಏಳು ಹೆಕ್ಟೇರಿನವರಿಗೆ 400. ಅದಕ್ಕೂ ಮೇಲ್ಪಟ್ಟವರಿಗೆ 750. ಇದಕ್ಕೆ ಸಮರ್ಥನೆ ಇಲ್ಲದಿರಲಿಲ್ಲ. ದೊಡ್ಡ ಹಿಡುವಳಿಯವರಿಗೆ ಕಾಳುಕಡಿ, ಗಳೇವಿನ ಸಾಮಾನು, ದನಕರು ಹೆಚ್ಚು. ಕಳೆದುಕೊಂಡ ವಾಡೆಯೂ ದೊಡ್ಡದು. ಆದರೆ ಇದು ಬೆಂಥಮ್‌ನ ಲೆಕ್ಕ ಅಲ್ಲವೇ ಅಲ್ಲ. ಹಣ ಹೆಚ್ಚಿದಂತೆ ಪ್ರತಿ ಹೊಸ ರೂಪಾಯಿ ಕೊಡುವ ಸುಖ ಕಡಿಮೆಯಾಗುತ್ತದೆ ಎಂದು ಅವನೇ ಗುರುತಿಸಿದ್ದ. ಕೂಲಿಯವನ ಮನೆಗೆ ಸೇರುವ ಇನ್ನೊಂದು ಕೋಣೆ ಜಮೀನ್ದಾರನ ಮನೆಗೆ ಸೇರುವ ಮೂರನೆಯ ಕೋಣೆಗಿಂತ ಹೆಚ್ಚು ಸುಖ ತರುತ್ತದೆ. ಒಟ್ಟು ಸುಖ ಹೆಚ್ಚಬೇಕಾದರೆ ಚದರಡಿಗಳು ಕೆಳಮುಖವಾಗಿ ಹರಿಯಬೇಕು. ಇಲ್ಲಿ ಮೇಲ್ಮುಖವಾಗಿ ಹರಿದವು. ಒಂದೇ ಅಳತೆಯ ಮನೆಗಳು ಒಂದೇ ಸಾಲಿಗೆ ಬಂದ ಊರುಗಳಲ್ಲಿ ಹಳೆಯ ಕೇರಿಗಳ ಗೆರೆ ಸಿಮೆಂಟಿನಲ್ಲಿ ಮತ್ತೆ ಎದ್ದಿತು. ಉಪಯುಕ್ತತಾವಾದವನ್ನು ಬಡವರ ಶತ್ರು ಎಂದು ಬಯ್ಯುವವರು ಈ ಉದಾಹರಣೆಯನ್ನೊಮ್ಮೆ ನೋಡಬೇಕು. ಕಟ್ಟುನಿಟ್ಟಾಗಿ ಲೆಕ್ಕ ಹಾಕಿದ್ದರೆ ಬಡವರಿಗೆ ಹೆಚ್ಚು ಸಿಗುತ್ತಿತ್ತು.

ಬೆಂಥಮ್‌ನ ನಂತರ ಈ ವಾದ ಒಂದೇ ಕವಲಾಗಿ ಉಳಿಯಲಿಲ್ಲ. ಮೊದಲ ತಿದ್ದುಪಡಿ ತಂದವನು ಜಾನ್ ಸ್ಟುವರ್ಟ್ ಮಿಲ್. ಅವನಿಗೂ ಈ ಸೀಮೆಗೂ ಒಂದು ತೆಳ್ಳನೆಯ ಎಳೆಯ ನಂಟಿದೆ. 1823ರಿಂದ 1858ರವರೆಗೆ ಅವನು ಈಸ್ಟ್ ಇಂಡಿಯಾ ಕಂಪನಿಯ ಲಂಡನ್ ಕಚೇರಿಯ ನೌಕರ. ಬಹುಕಾಲ ದೇಶೀ ಸಂಸ್ಥಾನಗಳ ಪತ್ರವ್ಯವಹಾರ ಅವನ ಮೇಜಿನ ಮೇಲೆ. ಉದಗೀರ, ನಿಲಂಗಾ ಆಗ ಹೈದರಾಬಾದ್ ನಿಜಾಮನ ನಾಡು. ಭಾರತವನ್ನು ಒಮ್ಮೆಯೂ ನೋಡದೆ ಅದರ ಹಿತದ ಲೆಕ್ಕ ಬರೆದವರಲ್ಲಿ ಅವನೂ ಒಬ್ಬ, ಅವನ ತಂದೆ ಜೇಮ್ಸ್ ಮಿಲ್ಲನೂ ಒಬ್ಬ. ಅದಿರಲಿ. 1861ರಲ್ಲಿ ಪತ್ರಿಕೆಯೊಂದರಲ್ಲಿ ಬರೆದು ಎರಡು ವರ್ಷಗಳ ನಂತರ ಪುಸ್ತಕವಾದ ಬರಹದಲ್ಲಿ ಮಿಲ್ ಹೇಳಿದ್ದಿಷ್ಟು: ಸುಖಗಳಲ್ಲಿ ಹೆಚ್ಚು ಕಡಿಮೆ ಮಾತ್ರವಲ್ಲ, ಮೇಲು ಕೀಳೂ ಉಂಟು. ಹೊಟ್ಟೆ ತುಂಬಿದ ಸುಖ ಒಂದು ತೂಕವಾದರೆ ಬುದ್ಧಿ, ಸ್ನೇಹ, ಸ್ವಾಭಿಮಾನಗಳ ಸುಖ ಬೇರೆಯದೇ ತೂಕ. ಹೊಸ ಊರಿನ ನಕಾಶೆಯಲ್ಲಿ ಅಗಲವಾದ ರಸ್ತೆ, ಶಾಲೆ, ನೀರಿನ ಟಾಕಿ ಎಲ್ಲ ಇದ್ದವು. ಸಂಜೆ ಕೂತು ಹರಟುವ ಕಟ್ಟೆ, ಹೆಂಗಸರು ಪಡಸಾಲೆಯಿಂದ ಪಡಸಾಲೆಗೆ ಹಾಯುತ್ತಿದ್ದ ಓಣಿ ನಕಾಶೆಯ ಯಾವ ಬಾಬ್ತಿಗೂ ಬರಲಿಲ್ಲ. ಹಳೆಯ ಊರಿಗಿಂತ ಹಲವು ಪಟ್ಟು ಹರವಾದ ಹೊಸ ಊರಿನಲ್ಲಿ ನೆರೆಮನೆಯೇ ದೂರವಾಯಿತು.

ಊರು ಎತ್ತಿ ಎಂದವರು ಜನರೇ ಅಲ್ಲವೇ? ಹೌದು. ಹೆಣ ಸುಟ್ಟ ನೆಲದಲ್ಲಿ ಮತ್ತೆ ಮಲಗಲಾರೆವು ಎಂದು ಆ ದಿನಗಳಲ್ಲಿ ಬಹಳ ಜನ ಹೇಳಿದ್ದರು. ಇಲ್ಲಿಂದ ಈ ವಾದದ ಇನ್ನೊಂದು ಕವಲು ಹೊರಡುತ್ತದೆ. ಸುಖ ಎಂಬುದು ಯಾರ ಎದೆಯೊಳಗೆ ಎಷ್ಟಿದೆ ಎಂದು ಅಳೆಯಲಾಗದು. ಅದರ ಬದಲು ಜನ ಏನನ್ನು ಬಯಸುತ್ತಾರೆ ಎಂದು ಕೇಳಿ, ಹೆಚ್ಚಿನ ಬಯಕೆಗಳು ಈಡೇರುವ ದಾರಿ ಹಿಡಿಯಿರಿ ಎನ್ನುತ್ತಾರೆ ಇಪ್ಪತ್ತನೇ ಶತಮಾನದ ಆರ್. ಎಂ. ಹೇರ್ ಮುಂತಾದವರು. ಪೀಟರ್ ಸಿಂಗರ್ ಕೂಡ ಬಹುಕಾಲ ಇದೇ ಪಂಗಡದಲ್ಲಿದ್ದವರು. ಆದರೆ ಆಘಾತದ ಮರುವಾರ ಹೇಳಿದ ಬಯಕೆಗೂ, ಹೊಲಕ್ಕೆ ದಿನಾ ದೂರ ನಡೆದು ಬೇಸತ್ತ ಮೇಲೆ ಹೇಳುವ ಬಯಕೆಗೂ ಅಜಗಜಾಂತರ. ಯಾವುದನ್ನು ಬರೆದುಕೊಳ್ಳಬೇಕು? ಎಲ್ಲ ತಿಳಿದು, ಸಮಾಧಾನದಿಂದ ಯೋಚಿಸಿದ ಬಯಕೆಯನ್ನು ಎನ್ನುವುದು ಪುಸ್ತಕದ ಉತ್ತರ. ಟೆಂಡರಿಗೆ ಅಷ್ಟು ಪುರುಸೊತ್ತು ಇರುವುದಿಲ್ಲ.

ಅಮರ್ತ್ಯ ಸೇನ್ ಇನ್ನೂ ಆಳದ ತೊಂದರೆಯೊಂದನ್ನು ತೋರಿಸಿದ್ದಾರೆ. ತಲೆಮಾರುಗಳಿಂದ ಕೊರತೆಯಲ್ಲೇ ಬೆಳೆದವರು ಬಯಸುವುದನ್ನೇ ಕಡಿಮೆ ಮಾಡಿಕೊಳ್ಳುತ್ತಾರೆ. ಗಂಡಸರೆಲ್ಲ ಉಂಡ ಮೇಲೆ ಉಳಿದದ್ದನ್ನು ಉಣ್ಣುವ ಹೆಂಗಸನ್ನು ಕೇಳಿದರೆ ‘ನನಗೇನು ಕಡಿಮೆ ಆಗ್ಯಾದ’ ಎಂದಾಳು. ಆ ಉತ್ತರವನ್ನು ಹಾಗೇ ಕೂಡಿಸಿದರೆ ಲೆಕ್ಕ ಸರಿಬರುತ್ತದೆ, ಬದುಕು ಸರಿಯಾಗುವುದಿಲ್ಲ.

ಈ ದೃಷ್ಟಿಯಿಂದ ‘ಸಿ’ ವರ್ಗದ ದುರಸ್ತಿಯ ಕಥೆ ಹೆಚ್ಚು ಕುತೂಹಲದ್ದು, ಸುದ್ದಿಯಾಗಿದ್ದು ಮಾತ್ರ ಕಡಿಮೆ. ಅಲ್ಲಿ ಗುತ್ತಿಗೆದಾರರಿರಲಿಲ್ಲ, ಹಣ ಕಂತುಕಂತಾಗಿ ಮನೆಯವರಿಗೆ ಬರುತ್ತಿತ್ತು, ಕೆಲಸ ಅವರೇ ಮಾಡಿಸಬೇಕಿತ್ತು. ಇಂಜಿನಿಯರುಗಳ ಸಲಹೆ ಲೆಕ್ಕದ ಪ್ರಕಾರ ಸರಿಯಾಗಿಯೇ ಇತ್ತು: ಮಾಳಿಗೆಯ ಮಣ್ಣು ಇಳಿಸಿ ಭಾರ ಕಡಿಮೆ ಮಾಡಿ, ಗೋಡೆಯಲ್ಲಿ ಅಲ್ಲಲ್ಲಿ ಒಂದು ಕಲ್ಲು ಕಿತ್ತು ಆರುಪಾರು ತೂತು ಮಾಡಿ ಸರಳು ಇಟ್ಟು ಕಾಂಕ್ರೀಟ್ ತುಂಬಿ, ಮೇಲೆ ಸುತ್ತಲೂ ಪಟ್ಟಿ ಕಟ್ಟಿ. ಕಡಿಮೆ ಖರ್ಚಿನಲ್ಲಿ ಇಡೀ ಮನೆ ಗಟ್ಟಿ. ಬಹಳ ಮನೆಗಳವರು ಇದನ್ನು ಒಪ್ಪಲಿಲ್ಲ. ಕಲ್ಲಿನ ಮೇಲಿನ ನಂಬಿಕೆಯೇ ಹೋಗಿತ್ತು. ಬಂದ ಹಣದಲ್ಲಿ ಇಟ್ಟಿಗೆ ಸಿಮೆಂಟಿನ ಒಂದೇ ಒಂದು ಸಣ್ಣ ಕೋಣೆ ಕಟ್ಟಿಕೊಂಡರು. ಇಂಜಿನಿಯರ್ ಎಣಿಸಿದ್ದು ಜೀವ ಉಳಿಯುವ ಸಂಭವವನ್ನು, ಮನೆಯವರು ಎಣಿಸಿದ್ದು ರಾತ್ರಿ ಬರುವ ನಿದ್ದೆಯನ್ನು. ಎರಡೂ ಸುಖದ ಲೆಕ್ಕವೇ. ಈ ಎರಡರ ನಡುವೆ ಮಾತು ಬೆಸೆಯಲು ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಹಳ್ಳಿಯ ಮಹಿಳಾ ಮಂಡಳಗಳ ಹೆಂಗಸರನ್ನು ‘ಸಂವಾದ ಸಹಾಯಕ’ರಾಗಿ ತಯಾರು ಮಾಡಿತು. ಮನೆಯ ಹಣ ಎಲ್ಲಿಗೆ ಹೋಯಿತು, ಸರಳು ಸರಿಯಾಗಿ ಬಿತ್ತೇ, ಗೌಂಡಿ ಸಿಮೆಂಟಿನಲ್ಲಿ ಎಷ್ಟು ಉಸುಕು ಬೆರೆಸಿದ ಎಂದು ಅವರು ಮನೆಮನೆ ತಿರುಗಿ ಕೇಳಿದರು. 2001ರ ಗುಜರಾತ್ ಭೂಕಂಪದ ನಂತರ ಈ ಕಡೆಯ ಹೆಂಗಸರೇ ಕಛ್‌ಗೆ ಹೋಗಿ ತಮ್ಮ ಅನುಭವ ಹೇಳಿಬಂದರು. ಎಣಿಸಲ್ಪಡುವವರ ಕೈಗೂ ಲೇಖಣಿ ಸಿಕ್ಕಾಗ ಮೊತ್ತ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಪುರಾವೆ ಮರಾಠವಾಡದಲ್ಲಿ ಸಿಗಲಿಕ್ಕಿಲ್ಲ.

ಭೂಕಂಪ ಒಮ್ಮೆ ಬಂದು ಹೋಗುತ್ತದೆ. ಇಲ್ಲಿ ಮತ್ತೆ ಮತ್ತೆ ಬರುವುದು ಬರ. 2016ರ ಬೇಸಿಗೆಯಲ್ಲಿ ಲಾತೂರು ನಗರಕ್ಕೆ ನೀರು ಕೊಡುವ ಮಾಂಜ್ರಾ ಅಣೆಕಟ್ಟು ಬತ್ತಿತು. ಜಗಳವಾಗದಂತೆ ನೀರಿನ ಟಾಕಿಗಳ ಸುತ್ತ ನಿಷೇಧಾಜ್ಞೆ ಹಾಕಬೇಕಾಯಿತು. ಏಪ್ರಿಲ್‌ನಲ್ಲಿ ಮಿರಜದಿಂದ ‘ಜಲದೂತ’ ರೈಲು ಹೊರಟಿತು. ಮೊದಲ ಸಲ ಹತ್ತು ವ್ಯಾಗನ್‌ಗಳಲ್ಲಿ ಐದು ಲಕ್ಷ ಲೀಟರ್, ಮುಂದೆ ಐವತ್ತು ವ್ಯಾಗನ್‌ಗಳಲ್ಲಿ ಇಪ್ಪತ್ತೈದು ಲಕ್ಷ. ಅದೇ ತಿಂಗಳು ಮುಂಬೈ ಹೈಕೋರ್ಟ್ ಏಪ್ರಿಲ್ 30ರ ನಂತರದ ಐಪಿಎಲ್ ಪಂದ್ಯಗಳನ್ನು ರಾಜ್ಯದ ಹೊರಗೆ ನಡೆಸಲು ಹೇಳಿತು. ಪಿಚ್‌ಗೆ ಸುರಿಯುವ ನೀರು ಲಾತೂರಿನ ಕೊಡಕ್ಕೆ ಹೇಗೂ ಬರುವುದಿಲ್ಲ, ಪಂದ್ಯದಿಂದ ಬರುವ ಆದಾಯ ಮಾತ್ರ ಹೋಯಿತು ಎಂದು ಆಗ ವಾದಿಸಿದವರಿದ್ದರು.

ತತ್ವದ ಭಾಷೆಯಲ್ಲಿ ಅವರದು ಕ್ರಿಯಾನಿಷ್ಠ ಉಪಯುಕ್ತತಾವಾದ: ಈ ಒಂದು ಕೆಲಸ, ಈ ಹೊತ್ತಿನಲ್ಲಿ, ಎಷ್ಟು ಒಳಿತು ತಂದಿತು ಎಂದಷ್ಟೇ ನೋಡುವುದು. ಅದಕ್ಕೆ ಎದುರಾಗಿ ನಿಯಮನಿಷ್ಠರಿದ್ದಾರೆ. ಒಂದೊಂದು ಕೊಡವನ್ನೂ ತೂಗುತ್ತ ಕೂರಬೇಡಿ, ಎಲ್ಲರೂ ಪಾಲಿಸಿದರೆ ಯಾವ ನಿಯಮ ಹೆಚ್ಚು ಒಳಿತು ತರುತ್ತದೋ ಅದನ್ನು ಹಾಕಿ ಅದಕ್ಕೆ ಅಂಟಿಕೊಳ್ಳಿ ಎನ್ನುತ್ತಾರೆ ಅವರು. ‘ಕುಡಿಯುವ ನೀರಿಗೆ ಮೊದಲ ಪಾಲು’ ಎಂದು 1987ರ ರಾಷ್ಟ್ರೀಯ ಜಲನೀತಿಯಲ್ಲಿ ಬರೆದದ್ದು ಅಂಥ ನಿಯಮ. ಎದುರಿಗೆ ಕಬ್ಬು ಇದೆ. ಮಹಾರಾಷ್ಟ್ರದ ಸಾಗುವಳಿಯ ಶೇಕಡ ನಾಲ್ಕರ ಆಸುಪಾಸಿನ ನೆಲದಲ್ಲಿ ನಿಂತ ಈ ಬೆಳೆ ನೀರಾವರಿಯ ಮೂರನೇ ಎರಡು ಪಾಲಿನಷ್ಟನ್ನು ಕುಡಿಯುತ್ತದೆ. ಒಬ್ಬ ರೈತನ ಮಟ್ಟಿಗೆ ಕಬ್ಬು ಹಚ್ಚುವುದು ಸರಿಯಾದ ಲೆಕ್ಕವೇ: ಖಚಿತ ದರ, ಕಾರ್ಖಾನೆ ಹತ್ತಿರ. ಎಲ್ಲರೂ ಹಾಗೇ ಮಾಡಿದರೆ ಬಾವಿ, ಬೋರು ಎರಡೂ ಬತ್ತುತ್ತವೆ. ಕ್ರಿಯೆ ಮತ್ತು ನಿಯಮದ ಜಗಳವನ್ನು ತಿಳಿಯಲು ಆಕ್ಸ್‌ಫರ್ಡಿಗೆ ಹೋಗಬೇಕಿಲ್ಲ, ಲಾತೂರು ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಕೊಂಡ ನೀರಿನ ಟ್ಯಾಂಕರಿನಲ್ಲಿ ಕೂತರೆ ಸಾಕು.

ಹೆಚ್ಚು ಜನ ಎಂದಾಗ ಕಡಿಮೆ ಜನರ ಗತಿ ಏನು ಎಂಬ ಪ್ರಶ್ನೆ ಗಡಿಯ ಕನ್ನಡಿಗರಿಗೆ ಹೊಸದಲ್ಲ. 1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯದ ಬೀದರ ಜಿಲ್ಲೆ ಮೂರು ಹೋಳಾಯಿತು. ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬೈ ರಾಜ್ಯಕ್ಕೆ. ಬೀದರ, ಭಾಲ್ಕಿ, ಹುಮನಾಬಾದ, ಔರಾದ ಮೈಸೂರಿಗೆ. ಜಹೀರಾಬಾದ, ನಾರಾಯಣಖೇಡ ಆಂಧ್ರಕ್ಕೆ. ಉಸ್ಮಾನಾಬಾದ್ ಜಿಲ್ಲೆಯ ಉಮರ್ಗಾ ತನ್ನ ಜಿಲ್ಲೆಯೊಂದಿಗೆ ಮುಂಬೈಗೆ ಹೋಯಿತು. ತಾಲ್ಲೂಕು ಹಿಡಿದು ಎಣಿಸಿದ್ದರಿಂದ ಅಂಚಿನ ಕನ್ನಡ ಹಳ್ಳಿಗಳು ಆ ಕಡೆ ಉಳಿದವು, ಔರಾದ, ಭಾಲ್ಕಿಯ ಮರಾಠಿ ಹಳ್ಳಿಗಳು ಈ ಕಡೆ. ಹಳ್ಳಿ ಹಿಡಿದು ಎಣಿಸಿದ್ದರೆ ಮೊತ್ತ ಬೇರೆ. ಬೆಂಥಮ್‌ಗೇ ಈ ಇಕ್ಕಟ್ಟು ತಡವಾಗಿ ಹೊಳೆಯಿತು. ಒಂದು ಸಮಾಜದಲ್ಲಿ 2,001 ಜನ ಒಂದು ಕಡೆ, 2,000 ಜನ ಇನ್ನೊಂದು ಕಡೆ ಇದ್ದು, ಮೊದಲಿನವರು ಎರಡನೆಯವರನ್ನು ಗುಲಾಮರಾಗಿ ಹಂಚಿಕೊಂಡರೆ ಅದು ಹೆಚ್ಚು ಜನರ ಸುಖವೇ ಎಂದು ಕೊನೆಯ ವರ್ಷಗಳಲ್ಲಿ ತನ್ನನ್ನೇ ಕೇಳಿಕೊಂಡು, ‘ಹೆಚ್ಚು ಜನರ’ ಎಂಬ ಭಾಗವನ್ನು ಬಿಟ್ಟು ‘ಅತ್ಯಧಿಕ ಸುಖ’ ಎಂದಷ್ಟೇ ಉಳಿಸಿಕೊಂಡ. ಅದೇ 1956ರಲ್ಲಿ ಸಂವಿಧಾನಕ್ಕೆ ಸೇರಿದ 350ಎ ವಿಧಿ ಇನ್ನೊಂದು ದಾರಿ ಹಿಡಿಯಿತು. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯ್ನುಡಿಯಲ್ಲಿ ಕಲಿಯುವ ಅನುಕೂಲ ಮಾಡಿಕೊಡಿ ಎಂದಿತು. ಅದನ್ನು ಕೇಳುವ ಗಡಿಯ ಕನ್ನಡ ಶಾಲೆ ಹೆಚ್ಚಿನವರ ಹಿತದ ಮಾತಾಡಬೇಕಿಲ್ಲ.

ಗಾಂಧೀಜಿಯ ತಕರಾರೂ ಇದೇ ಜಾಗದಲ್ಲಿತ್ತು. ಹೆಚ್ಚು ಜನರ ಸುಖ ಎಂಬುದನ್ನು ಅವರು ಒಪ್ಪದೆ ಸರ್ವೋದಯ ಎಂದರು. ಇತ್ತ ಉಮರ್ಗಾದ ನೆರೆಯ ಬಸವಕಲ್ಯಾಣದ ಶರಣರು ಹನ್ನೆರಡನೇ ಶತಮಾನದಲ್ಲೇ ಲೇಸನ್ನು ಬಯಸಿದ್ದು ಎಲ್ಲ ಜೀವಿಗಳಿಗೆ. ಅಮೆರಿಕದ ಜಾನ್ ರಾಲ್ಸ್ 1971ರಲ್ಲಿ ಕೇಳಿದ್ದು ಬೇರೆ ಧಾಟಿಯಲ್ಲಿ: ಎಲ್ಲರಿಗಿಂತ ಕೆಳಗಿರುವವನ ಸ್ಥಿತಿ ಸುಧಾರಿಸಿತೇ? ಕಾರ್ಲ್ ಪಾಪರ್ 1945ರಲ್ಲೇ ಸುಖ ಹೆಚ್ಚಿಸುವ ಕನಸು ಬಿಟ್ಟು ಮೊದಲು ದುಃಖ ಕಡಿಮೆ ಮಾಡಿ ಎಂದಿದ್ದ. ಆಡಳಿತಕ್ಕೆ ಇವರೆಲ್ಲರಲ್ಲಿ ಪಾಪರನೇ ಹತ್ತಿರ. ಯಾರಿಗೆ ಏನು ಖುಷಿ ಕೊಡುತ್ತದೆ ಎಂದು ತಹಶೀಲ್ದಾರನಿಗೆ ತಿಳಿಯುವುದು ಕಷ್ಟ. ಯಾವ ಓಣಿಗೆ ಎಂಟು ದಿನದಿಂದ ನೀರು ಬಂದಿಲ್ಲ ಎಂಬುದು ತಿಳಿಯುತ್ತದೆ.

ಇಷ್ಟೆಲ್ಲ ಹೊಡೆತ ತಿಂದರೂ ಉಪಯುಕ್ತತಾವಾದ ಸಾಯದಿರಲು ಒಂದು ಕಾರಣ ಅದರ ದೂರದೃಷ್ಟಿ. 1972ರಲ್ಲಿ ಪೀಟರ್ ಸಿಂಗರ್ ಬಂಗಾಳದ ನಿರಾಶ್ರಿತರ ಸಂಕಟ ಮುಂದಿಟ್ಟುಕೊಂಡು, ಹಸಿದವನು ಹತ್ತಿರದಲ್ಲಿದ್ದರೂ ಸಾವಿರಾರು ಮೈಲಿ ಆಚೆಗಿದ್ದರೂ ನಮ್ಮ ಹೊಣೆ ಒಂದೇ ಎಂದು ಬರೆದರು. ದೂರ ಎಂಬುದು ನೆಪವಲ್ಲದಿದ್ದರೆ ಕಾಲವೂ ನೆಪವಲ್ಲ. 1874ರಲ್ಲಿ ಹೆನ್ರಿ ಸಿಜ್ವಿಕ್ ಹುಟ್ಟಲಿರುವವರ ಸುಖವನ್ನೂ ಇಂದಿನವರ ಸುಖದಷ್ಟೇ ಎಣಿಸಬೇಕು ಎಂದಿದ್ದ. ಮರಾಠವಾಡದ ಮಟ್ಟಿಗೆ ಇದು ಗೋಡೆಯ ಮಾತು. 1993ರಲ್ಲಿ ಈ ಸೀಮೆ ಭೂಕಂಪದ ನಕಾಶೆಯಲ್ಲಿ ಅತಿ ಕಡಿಮೆ ಅಪಾಯದ ವಲಯ. 2002ರಲ್ಲಿ ಭಾರತೀಯ ಮಾನಕ ಬ್ಯೂರೋ ನಕಾಶೆ ತಿದ್ದಿದಾಗ ಕಿಲ್ಲಾರಿ ಪ್ರದೇಶ ಮೂರನೇ ವಲಯಕ್ಕೆ ಏರಿತು. ಅದರ ಅರ್ಥ, ಹೊಸ ಮನೆ ಕಟ್ಟುವಾಗ ಬಾಗಿಲು ಕಿಟಕಿಗಳ ಮೇಲೆ ಸುತ್ತಲೂ ಒಂದು ಕಾಂಕ್ರೀಟ್ ಪಟ್ಟಿ, ಮೂಲೆಗಳಲ್ಲಿ ಸರಳು. ಒಟ್ಟು ಖರ್ಚಿನ ಮೇಲೆ ಸಣ್ಣ ಪಾಲು ಹೆಚ್ಚಾಗುತ್ತದೆ. ದುಡ್ಡು ಇಂದಿನವನದು, ಲಾಭ ಬಂದರೆ ಮೊಮ್ಮಕ್ಕಳಿಗೆ, ಭೂಮಿ ಅಲುಗದಿದ್ದರೆ ಯಾರಿಗೂ ಇಲ್ಲ. ನಿಲಂಗಾದಲ್ಲೋ ಉಮರ್ಗಾದಲ್ಲೋ ಇವತ್ತು ಮನೆ ಕಟ್ಟಿಸುವ ಮೂವತ್ತರೊಳಗಿನ ಹುಡುಗ 1993ರ ನಂತರ ಹುಟ್ಟಿದವನು. ಗೌಂಡಿ ‘ಈ ಪಟ್ಟಿ ಬಿಟ್ಟರೆ ಇಷ್ಟು ಉಳೀತದ’ ಎಂದಾಗ ಅವನ ಎದುರಿಗೆ ಕೂತು ಕೂಡಿ ಕಳೆದು ತೋರಿಸುವ ಕೆಲಸ ಪಂಚಾಯತಿಯ ಇಂಜಿನಿಯರನದು, ಹಳೇ ಊರಿನ ಮಣ್ಣು ಅಗೆದ ಅವನ ಅಪ್ಪನದು.